ಆರರ ಹಿಂದೆ ಇನ್ನೊಂದು ಆರು

ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ಕಣ್ಣು ನನ್ನದು. ಒಂದು ಹೊಲಿಗೆ ಓರೆಯಾದರೂ ಬಾಗಿಲಲ್ಲೇ ನಿಂತು ಹಿಡಿಯುತ್ತಿದ್ದೆ. ನಿವೃತ್ತಳಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದೆ ಹಳೆಯ ನಾಣ್ಯಗಳ ಹಿಂದೆ ಬಿದ್ದೆ. ಮದುವೆಯಾದವಳಲ್ಲ. ಹುಣಸೂರಿನ ಬಾಡಿಗೆ ಮನೆಯಲ್ಲಿ ನಾನು, ಒಂದು ಭೂತಗನ್ನಡಿ, ಒಂದು ಡಬ್ಬಿ ನಾಣ್ಯ. ಕೆಲವು ದಿನ ಹಾಲಿನವನಿಗೆ ಅರ್ಧ ಲೀಟರು ಅಂದದ್ದು ಬಿಟ್ಟರೆ ಬಾಯಿಗೂ ಕೆಲಸವಿರುವುದಿಲ್ಲ.

ನಾಣ್ಯ ಒತ್ತುವ ಅಚ್ಚಿನಲ್ಲೇ ಒಮ್ಮೊಮ್ಮೆ ಇಸವಿಯ ಅಂಕಿ ಎರಡು ಸಲ ಬಿದ್ದಿರುತ್ತದೆ. ಆಗ ಅಂಕಿಯ ಹಿಂದೆ ಅದರದೇ ನೆರಳು ಕಾಣುತ್ತದೆ. ಅಂಥದ್ದಕ್ಕೆ ನಮ್ಮಂಥವರು ಜೀವ ಬಿಡುತ್ತಾರೆ. ಪಕ್ಕದ ಮನೆ ಜಯಮ್ಮ ಹಾರನಹಳ್ಳಿಯ ತವರಿನಿಂದ ತಂದ ತಾಮ್ರದ ಕಾಲಾಣೆಯನ್ನು ನೋಡಲು ಕೊಟ್ಟಿದ್ದಳು. ಇಸವಿಯ ಕೊನೆಯ ಆರರ ಹಿಂದೆ ಇನ್ನೊಂದು ಆರು ಕಂಡಿತು!

ಓಡಿಹೋಗಿ ಜಯಮ್ಮನಿಗೆ ತೋರಿಸಿದೆ. "ಎಲ್ಡು ಆರು ಸೇರುದ್ರೆ ಅನ್ನೆರಡು, ಬುಡಿ ಟೀಚರೇ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಕೆ.ಆರ್. ನಗರದ ವಿಮಲಮ್ಮನವರಿಗೆ ಫೋಟೋ ಕಳಿಸಿದೆ. ನಾಣ್ಯದ ವಿಷಯದಲ್ಲಿ ಅವರದು ಕೊನೆಯ ಮಾತು. ನನಗೆ ಫೋನಿನಲ್ಲಷ್ಟೇ ಪರಿಚಯ. ಕೈಯಲ್ಲಿ ಹಿಡಿದು ನೋಡದೆ ಏನೂ ಹೇಳಲಾಗದು ಎಂದರು. ಹಾಗಾದರೆ ಭಾನುವಾರ ಊಟಕ್ಕೇ ಬನ್ನಿ ಎಂದುಬಿಟ್ಟೆ. ನನ್ನ ಮಾತು ಮುಗಿಯುವ ಮೊದಲೇ ಅವರು ಒಪ್ಪಿಕೊಂಡರು.

ಎಷ್ಟೋ ತಿಂಗಳ ಮೇಲೆ ಮನೆಗೊಬ್ಬ ಅತಿಥಿ. ಕಿಟಕಿ ಒರೆಸಿದೆ, ಪರದೆ ಒಗೆದೆ, ಇದ್ದ ಒಂದೇ ಊಟದ ತಟ್ಟೆಗೆ ಜೊತೆಯಾಗಿ ಇನ್ನೊಂದು ತಂದೆ. ಭಾನುವಾರ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ಎಲ್ಲವೂ ಫಳಫಳ, ಕಾಲಾಣೆಯೊಂದೇ ಕಪ್ಪು. ಹಳೆಯ ನಾಣ್ಯವನ್ನು ತೊಳೆಯಬಾರದು ಎಂಬ ಮೊದಲ ಪಾಠವನ್ನು ಮರೆತು ಹುಣಸೆಹಣ್ಣು ಹಾಕಿ ಉಜ್ಜಿದೆ.

ಕಾಲಾಣೆ ಹೊಳೆಯಿತು. ಆರು ಒಂದೇ ಇತ್ತು. ಇನ್ನೊಂದು ಆರು ಬಚ್ಚಲ ಪಾಲಾಗಿತ್ತು.

ಹನ್ನೊಂದರ ಬಸ್ಸಿಗೆ ಅವರು ಬರುವವರಿದ್ದರು. ಗಾಬರಿಯಲ್ಲಿ ದೀಪದ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ ನಾಣ್ಯಕ್ಕೆ ಬಳಿದು, ಅದಕ್ಕೆ ವಯಸ್ಸು ತಂದೆ. ವಿಮಲಮ್ಮ ಬಂದರು, ಕೂತರು, ನಾಣ್ಯ ಎತ್ತಿಕೊಂಡರು. ಅವರ ಹೆಬ್ಬೆರಳು ಕಪ್ಪಾಯಿತು. ನಾಣ್ಯವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ನನ್ನ ಚಿಂತೆ ನಾಣ್ಯ ಹೋಯಿತೆಂದಲ್ಲ, ಇವರು ಈಗಲೇ ಎದ್ದು ಹೊರಡುತ್ತಾರಲ್ಲ ಎಂದು.

"ಆ ಇನ್ನೊಂದು ಆರು ಬರೀ ಕೊಳೆ ಕಣಮ್ಮ," ಎಂದರು ಅವರು. "ಫೋಟೋದಲ್ಲೇ ಗೊತ್ತಾಗಿತ್ತು."

"ಮತ್ತೆ ಅಷ್ಟು ದೂರದಿಂದ ಬಂದ್ರಲ್ಲ?"

"ನೀವು ಊಟಕ್ಕೆ ಕರೆದ್ರಲ್ಲ."

ಆಮೇಲೆ ನಾವಿಬ್ಬರೂ ನಾಣ್ಯದ ಸುದ್ದಿ ಎತ್ತಲಿಲ್ಲ. ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡು, ಅವರು ತಮ್ಮ ಮಂಡಿನೋವನ್ನೂ ನಾನು ನನ್ನ ನಿದ್ದೆಗೇಡನ್ನೂ ಸವಿಸ್ತಾರವಾಗಿ ಹೇಳಿಕೊಂಡೆವು. ನಾಲ್ಕರ ಬಸ್ಸು ಹತ್ತುವಾಗ ಅವರು ಎರಡು ಸಲ ತಿರುಗಿ ನೋಡಿದರು.

ಜಯಮ್ಮನ ನಾಣ್ಯವನ್ನು ಕೆಡಿಸಿದ ಅಪರಾಧ ಉಳಿದಿತ್ತು. ಮಸಿ ಒರೆಸಿ, ತಲೆ ತಗ್ಗಿಸಿಕೊಂಡು ಹೋಗಿ ಅವಳ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು.

"ಎಷ್ಟು ಸಂದಾಗಿ ಬೆಳಗಿದ್ದೀರಿ! ನಮ್ಮನೇಲಿ ತಾಮ್ರದ ಚೊಂಬೂ ಐತೆ ಕಣ್ರೀ, ಕೊಡ್ಲಾ?"

ಚೊಂಬನ್ನೂ ಬೆಳಗಿಕೊಟ್ಟೆ.

ಮೊನ್ನೆ ನನ್ನ ಡಬ್ಬಿಯ ಒಂದು ನಾಣ್ಯದಲ್ಲಿ ಒಂಬತ್ತರ ಬಾಲ ಉದ್ದವಾಗಿ ಕಂಡಿತು. ಮೂರು ಸಲ ನೋಡಿದೆ. ಅದು ಬರೀ ಗೀರು. ಭೂತಗನ್ನಡಿಯೂ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಆದರೂ ಫೋಟೋ ತೆಗೆದು ಕೆ.ಆರ್. ನಗರಕ್ಕೆ ಕಳಿಸಿದೆ. ತೆಗೆಯುವಾಗ ಬೇಕೆಂದೇ ಕೈಯನ್ನು ಸ್ವಲ್ಪ ಅಲ್ಲಾಡಿಸಿದೆ. ಸ್ಪಷ್ಟವಾಗಿ ಕಂಡುಬಿಟ್ಟರೆ ಅವರು ಬರುವುದೇಕೆ?