ನಡುಮನೆಯ ಸೈಕಲ್ ಸವಾರಿ

ಮೂವತ್ತೈದು ದಾಟಿದ ಮೇಲೆ ಈಜು, ಸಂಗೀತ, ಸೈಕಲ್ಲು ಈ ಮೂರನ್ನೂ ಕಲಿಯಹೋಗಬಾರದು. ಕಲಿಯುವುದು ಕಷ್ಟವೆಂದಲ್ಲ, ನೋಡುವವರ ಕಾಟ. ಅದರಲ್ಲೂ ಕಲಿಯುವವನು ನಂಜನಗೂಡಿನಲ್ಲಿ ಮೇಷ್ಟ್ರಾಗಿದ್ದರೆ ಬೀದಿಯ ಎರಡು ಬದಿಯಲ್ಲೂ ಅವನ ಶಿಷ್ಯರೇ. ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಕಣ್ಣೆದುರೇ ಸಂಜೆ ಚರಂಡಿಗೆ ಬಿದ್ದವನು, ಮಾರನೆಯ ದಿನ ಯಾವ ಮುಖ ಹೊತ್ತು ಅವನಿಗೆ ತ್ರೈರಾಶಿ ಕಲಿಸಬೇಕು?

ಹೀಗಾಗಿ ಅಪ್ಪನ ಹಳೇ ಸೈಕಲ್ಲನ್ನು ಗೋಡೆಗೆ ಒರಗಿಸಿಟ್ಟು ಹಾಯಾಗಿದ್ದೆ. ಆದರೆ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನನಗೆ ದೇವನೂರಿನ ಕಡೆ ವರ್ಗವಾಯಿತು. ಬೆಳಗಿನ ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ಒಂದೋ ಸೈಕಲ್ ಕಲಿಯಬೇಕು, ಇಲ್ಲವೇ ಸಂಸಾರವನ್ನೇ ಅಲ್ಲಿಗೆ ಸಾಗಿಸಬೇಕು. ಅಮ್ಮನಿಗೋ ಬೆಳಗಾದರೆ ಕಪಿಲೆಯ ಸ್ನಾನವಾಗಬೇಕು. ಬರುವುದಿಲ್ಲ ಎಂದು ಅವಳು ಹಟ ಹಿಡಿಯಲಿಲ್ಲ. ನೀನಿದ್ದಲ್ಲಿ ನಾನು ಎಂದು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಟ ಹಿಡಿದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಇದಕ್ಕೆ ಸೈಕಲ್ ಕಲಿಯುವುದೊಂದೇ ದಾರಿ.

ಉಪಾಯ ಹೇಳಿದವನು ನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ಭಾವಮೈದುನ. ರೇಸಿನವರು ಮಳೆಗಾಲದಲ್ಲಿ ಮನೆಯೊಳಗೇ ಸೈಕಲ್ ತುಳಿಯುತ್ತಾರಂತೆ. ಕಬ್ಬಿಣದ ಚೌಕಟ್ಟಿನಲ್ಲಿ ಹಿಂದಿನ ಚಕ್ರದಡಿಗೆ ಎರಡು ಉರುಳೆ, ಮುಂದಿನದರಡಿಗೆ ಒಂದು. ತುಳಿದರೆ ಚಕ್ರವೂ ತಿರುಗುತ್ತದೆ, ಉರುಳೆಯೂ ತಿರುಗುತ್ತದೆ, ಸವಾರ ಮಾತ್ರ ಇದ್ದಲ್ಲೇ ಇರುತ್ತಾನೆ. ಸರ್ಕಾರಿ ನೌಕರನಿಗೆ ಹೇಳಿ ಮಾಡಿಸಿದ ವಾಹನ ಎನ್ನಿಸಿ ಒಪ್ಪಿಕೊಂಡೆ. ಅವನು ಹಳೇ ಅಕ್ಕಿ ಗಿರಣಿಯ ಸಾಮಾನಿನಲ್ಲಿ ಅದನ್ನು ಮಾಡಿ, ಎತ್ತಿನ ಗಾಡಿಯಲ್ಲಿ ತಂದು ನಮ್ಮ ನಡುಮನೆಯಲ್ಲಿ ಇಳಿಸಿದ. ಉರುಳೆಯ ಮೇಲೆ ಸೈಕಲ್ಲು ರಸ್ತೆಗಿಂತ ಹೆಚ್ಚಾಗಿ ಓಲಾಡುತ್ತದೆ ಎಂಬುದನ್ನು ಮಾತ್ರ ಹೇಳದೆ ಹೋದ.

ಬಾಗಿಲು ಹಾಕಿಕೊಂಡು ಅಭ್ಯಾಸ ಶುರುವಾಯಿತು. ನಾನು ತುಳಿಯುವುದು, ನನ್ನ ಹೆಂಡತಿ ಹಿಂದೆ ಕ್ಯಾರಿಯರ್ ಹಿಡಿದುಕೊಳ್ಳುವುದು. ಅವಳು ಕೈ ಸಡಿಲಿಸಿದರೆ ಸಾಕು, ನನ್ನ ಪ್ರಾಣ ಬಾಯಿಗೆ ಬರುತ್ತಿತ್ತು. ಬೇಸಿಗೆ ರಜ ಕರಗುತ್ತಾ ಬಂತು. ಅವಳ ತೋಳು ಗಟ್ಟಿಯಾದವೇ ಹೊರತು ನನ್ನ ಸೈಕಲ್ ವಿದ್ಯೆ ಮುಂದುವರಿಯಲಿಲ್ಲ.

ಒಂದು ದಿನ ನಾನು ತುಳಿಯುತ್ತಿರುವಾಗಲೇ ಬೀದಿಗೆ ಸೀಮೆಎಣ್ಣೆ ಗಾಡಿ ಬಂತು. ಗಂಡ ಬಿದ್ದರೆ ಎದ್ದಾನು, ಸೀಮೆಎಣ್ಣೆ ತಪ್ಪಿದರೆ ಮತ್ತೆ ಸಿಕ್ಕೀತೇ? ಅಮ್ಮ ಇದ್ದಾರಲ್ಲ ಎಂದವಳೇ ಡಬ್ಬ ಎತ್ತಿಕೊಂಡು ಓಡಿದಳು. ನಡುಮನೆಯ ಕಂಬ ಕೈಗೆಟುಕುವಂತಿರಲಿಲ್ಲ. ಅಪ್ಪನ ಎತ್ತರದ ಸೈಕಲ್ಲು ಉರುಳೆಯ ಮೇಲೆ ಇನ್ನಷ್ಟು ಎತ್ತರವಾಗಿ ನನ್ನ ಕಾಲು ನೆಲಕ್ಕೂ ಎಟುಕುತ್ತಿರಲಿಲ್ಲ. ತುಳಿಯುವುದನ್ನು ನಿಲ್ಲಿಸಿದರೆ ಬೀಳುವುದು ಖಂಡಿತ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ, ಬಂದು ಹಿಡಿದುಕೋ ಎಂದು ಕೂಗಿದೆ.

"ಮಡೀಲಿದೀನಿ ಕಣೋ, ಹೇಗೆ ಮುಟ್ಲಿ? ತುಳೀತಾ ಇರು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗನ ಹಲ್ಲು ಉದುರುವುದಕ್ಕಿಂತ ಮಡಿ ಹೆಚ್ಚಾಯಿತೇ ಎಂದೆ. ಅವಳು ಜಗ್ಗಲಿಲ್ಲ. ಹೊಸಿಲ ಮೇಲೆ ನಿಂತು, ದೇವನೂರಿನ ದಾರಿಯಲ್ಲಿ ಮರ ಇವೆಯೇ, ಮಧ್ಯಾಹ್ನದ ಬುತ್ತಿಗೆ ಮೊಸರನ್ನ ಆದೀತೇ ಎಂದೆಲ್ಲ ವಿಚಾರಿಸಿದಳು. ನಾನು ಸಿಟ್ಟಿನಲ್ಲಿ ತುಳಿದೆ, ಸನಾತನ ಧರ್ಮವನ್ನೆಲ್ಲ ಬಯ್ಯುತ್ತಾ ತುಳಿದೆ. ಬಯ್ಯುವ ಭರದಲ್ಲಿ ಹೆದರುವುದು ಮರೆತೇಹೋಯಿತು. ಹೆಂಡತಿ ಸೀಮೆಎಣ್ಣೆ ತಂದಾಗ ಸೈಕಲ್ಲು ಉರುಳೆಯ ಮೇಲೆ ಅಲುಗದೆ ಓಡುತ್ತಿತ್ತು. ಎದೆಯ ಮೇಲಿದ್ದ ಒರಳುಕಲ್ಲು ಇಳಿದಂತಾಯಿತು.

ಶಾಲೆ ತೆರೆದ ದಿನ ಹೆಂಡತಿ ಜಗಲಿಯಿಂದ ಹತ್ತಿಸಿ ಕಳುಹಿಸಿದಳು. ದೇವನೂರಿನವರೆಗೆ ಮಹಾರಾಜನಂತೆ ಹೋದೆ. ಶಾಲೆ ಕಂಡಿತು, ಮಕ್ಕಳು ಕೈ ಮುಗಿದರು, ಶಾಲೆ ಹಿಂದೆ ಸರಿಯಿತು. ನಡುಮನೆಯಲ್ಲಿ ಇಳಿಯುವುದನ್ನು ಕಲಿತಿರಲಿಲ್ಲ. ಎದುರಿಗೆ ಬಂದ ರೈತನೊಬ್ಬ, "ಇಸ್ಕೂಲು ಇಂದಕ್ಕೋಯ್ತು ಕಣ್ ಸಾ, ಇಳೀರಿ" ಎಂದ. ನನಗೂ ಅದೇ ಬೇಕಿತ್ತು. ಕೊನೆಗೆ ಒಂದು ಹುಲ್ಲಿನ ಮೆದೆ ನನ್ನನ್ನು ಇಳಿಸಿಕೊಂಡಿತು.

ಅಂತೂ ಊರು ಬಿಡುವುದು ತಪ್ಪಿತು. ಆ ಸಂಜೆ ಅಮ್ಮ ನನ್ನ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದಳು. ನಿನ್ನ ಮಡಿಯ ದೆಸೆಯಿಂದ ಕಲಿತೆ ಎಂದು ಚುಚ್ಚಿದೆ.

"ಆವತ್ತು ಮಡಿ ಎಲ್ಲಿತ್ತೋ? ಬೆಳಿಗ್ಗೇನೇ ಪಕ್ಕದ್ಮನೆ ಮಗೂನ ಎತ್ಕೊಂಡು ಮಡಿ ಕೆಟ್ಟಿತ್ತು" ಎಂದಳು ಅಮ್ಮ. "ನಾನೂ ಹಿಡ್ಕೊಂಡಿದ್ರೆ ನೀನು ರಿಟೈರಾಗೋವರೆಗೂ ಯಾರಾದರೊಬ್ಬರು ಹಿಡ್ಕೊಂಡೇ ಇರಬೇಕಾಗಿತ್ತು."

ಕಪಿಲೆಗಾಗಿ ಸುಳ್ಳು ಹೇಳಿದಳೋ ನನಗಾಗಿ ಹೇಳಿದಳೋ ಎಂದು ಕೇಳಬೇಕೆನ್ನಿಸಿತು. ನಾಳೆಯಿಂದ ನಾನೂ ಯಾರ ಹಂಗಿಲ್ಲದೆ ಬದುಕಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಹಾಗೆ ಮಾಡಿ, ಇನ್ನೊಂದು ಕಾಲನ್ನೂ ಅವಳ ಕಡೆಗೆ ಚಾಚಿದೆ.