ಸುರಕ್ಷತಾ ಅಧಿಕಾರಿಯ ಸೊಂಟ

ಸೊಂಟ ಹಿಡಿದುಕೊಳ್ಳುವುದಕ್ಕೂ ಒಂದು ಗೌರವದ ಕಾರಣ ಬೇಕು. ಮೂಟೆ ಹೊತ್ತೆ, ಮಂಚ ಎತ್ತಿದೆ, ಜಾರಿ ಬೀಳುತ್ತಿದ್ದವರನ್ನು ಹಿಡಿದುಕೊಂಡೆ ಎಂದರೆ ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಾರೆ. ನಿಧಾನಪ್ಪನವರ ಸೊಂಟ ಹಿಡಿದುಕೊಂಡದ್ದು ಬುಧವಾರ ಬೆಳಿಗ್ಗೆ ಏಳೂವರೆಗೆ, ಒಂದು ಕಾಲುಚೀಲ ಎತ್ತಿಕೊಳ್ಳಲು ಬಗ್ಗಿದಾಗ. ಕಾಲುಚೀಲದ ತೂಕ ಹೆಚ್ಚೆಂದರೆ ಮೂವತ್ತು ಗ್ರಾಂ ಇದ್ದೀತು. ಅದೂ ಜೊತೆಯಲ್ಲ, ಎಡಗಾಲಿನದೊಂದೇ.

ನಿಧಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಅವರು ಹತ್ತೊಂಬತ್ತು ವರ್ಷಗಳಿಂದ ಸುರಕ್ಷತಾ ಅಧಿಕಾರಿ. ಕುಲುಮೆಯ ಬಳಿ, ಮೆಟ್ಟಿಲ ಮೇಲೆ, ಕೊನೆಗೆ ಕ್ಯಾಂಟೀನಿನಲ್ಲಿ ಬಿಸಿ ಚಹಾ ಕುಡಿಯುವವರಿಗೂ ‘ನಿಧಾನ, ನಿಧಾನ’ ಎಂದು ಹೇಳಿ ಹೇಳಿ ಕಾರ್ಮಿಕರ ಬಾಯಲ್ಲಿ ಆ ಹೆಸರು ಪಡೆದಿದ್ದರು. ಗೇಟಿನಲ್ಲಿ ಅವರದೇ ಆಳೆತ್ತರದ ಪೋಸ್ಟರ್ ಇದೆ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಪೆಟ್ಟಿಗೆಯೊಂದನ್ನು ಎದೆಗೊತ್ತಿ ಹಿಡಿದು ನಗುತ್ತಿದ್ದಾರೆ. ಕೆಳಗೆ ‘ಭಾರ ಎತ್ತುವ ಸರಿಯಾದ ವಿಧಾನ’ ಎಂದಿದೆ. (ಫೋಟೊ ತೆಗೆದ ದಿನ ಪೆಟ್ಟಿಗೆ ಖಾಲಿ ಇತ್ತು. ಈ ವಿಷಯ ಅವರಿಗೂ ಫೋಟೊ ತೆಗೆದವನಿಗೂ ಮಾತ್ರ ಗೊತ್ತು.)

ಶುಕ್ರವಾರ ಕಾರ್ಖಾನೆಯ ಸುರಕ್ಷತಾ ದಿನ. ಮುನ್ನೂರು ಕಾರ್ಮಿಕರು, ಅವರ ಮನೆಯವರು, ಜನರಲ್ ಮ್ಯಾನೇಜರು, ಎಲ್ಲರ ಎದುರಿಗೆ ಇಪ್ಪತ್ತು ಕಿಲೋ ಬಾಟಲಿ ತುಂಬಿದ ಪೆಟ್ಟಿಗೆಯನ್ನು ಅವರು ಸ್ವತಃ ಎತ್ತಿ ತೋರಿಸಬೇಕು. ಕಾಲುಚೀಲದ ಸುದ್ದಿ ಅಲ್ಲಿಗೆ ಮುಟ್ಟಿದರೆ ಹತ್ತೊಂಬತ್ತು ವರ್ಷ ಕಟ್ಟಿಕೊಂಡ ಮಾನ ಒಂದೇ ದಿನದಲ್ಲಿ ಮಣ್ಣುಪಾಲು. ಬಗ್ಗಿದ್ದಲ್ಲೇ ಮೂಲಂಗಿಯಂತೆ ನಾಟಿಕೊಂಡು ನಿಂತಿದ್ದ ನಿಧಾನಪ್ಪನವರು ಹೆಂಡತಿಯನ್ನು ಕರೆದರು.

“ನೋಡು, ಈ ವಿಷಯ ಮನೆ ಬಿಟ್ಟು ಆಚೆ ಹೋಗಬಾರದು.”

“ನೀವೇ ಮನೆ ಬಿಟ್ಟು ಆಚೆ ಹೋಗೋ ಹಾಗಿಲ್ಲವಲ್ಲ, ವಿಷಯ ಎಲ್ಲಿಗೆ ಹೋಗುತ್ತೆ?” ಎಂದು ಹೆಂಡತಿ ಅವರನ್ನು ಹಿಡಿದು ಮಂಚಕ್ಕೆ ಮುಟ್ಟಿಸಿದಳು.

ಮಂಚದ ತಲೆದೆಸೆಯಲ್ಲಿ ‘ಎದ್ದೇಳುವ ಮುನ್ನ ಹತ್ತು ಎಣಿಸಿ’ ಎಂಬ ಚೀಟಿ ಅಂಟಿಸಿತ್ತು. ಆ ಮನೆಯಲ್ಲಿ ಚೀಟಿ ಇಲ್ಲದ ಜಾಗವಿಲ್ಲ. ಒಲೆಯ ಮೇಲೆ ಚೀಟಿ, ಬಚ್ಚಲಲ್ಲಿ ಚೀಟಿ, ನೆಲ ಒರೆಸಿದಾಗ ನಿಲ್ಲಿಸಲು ‘ನೆಲ ಒದ್ದೆ ಇದೆ’ ಎಂಬ ಹಳದಿ ಫಲಕ, ಫೋನಿನ ಪಕ್ಕದಲ್ಲಿ ‘ಅಪಘಾತವಾದರೆ ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂಬ ಕೆಂಪು ಚೀಟಿ. ಇವೆಲ್ಲಕ್ಕೂ ಕಿರೀಟವಿಟ್ಟಂತೆ ‘ಗೃಹ ಅಪಘಾತ ದಾಖಲೆ ಪುಸ್ತಕ’. ಹೆಂಡತಿಯ ಬೆರಳು ಸುಟ್ಟದ್ದು, ತಾಯಿ ಹೊಸ್ತಿಲು ಎಡವಿದ್ದು, ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ದಾಖಲಾಗಿದ್ದವು. ‘ಕಾರಣ’ ಎಂಬ ಅಂಕಣದಲ್ಲಿ ಇಷ್ಟು ವರ್ಷಗಳಲ್ಲಿ ಒಂದೇ ಪದ ಬಿದ್ದಿತ್ತು: ಅಜಾಗರೂಕತೆ.

ಮಲಗಿದಲ್ಲೇ ನಿಧಾನಪ್ಪನವರು ಪುಸ್ತಕ ತರಿಸಿಕೊಂಡು ಬರೆದರು: ‘ಕಾರಣ: ಕಾಲುಚೀಲವನ್ನು ನೆಲದ ಮೇಲೆ ಬಿಟ್ಟವರ ಅಜಾಗರೂಕತೆ.’

“ಬಿಟ್ಟವರು ಯಾರು?” ಎಂದಳು ಹೆಂಡತಿ.

“ಅದರ ತನಿಖೆ ಆಗಬೇಕು.”

ತನಿಖೆಗಿಂತ ಮೊದಲು ಚಿಕಿತ್ಸೆಯ ಜಗಳ ಹತ್ತಿಕೊಂಡಿತು. ಎಂಬತ್ತರ ಹತ್ತಿರದ ತಾಯಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. “ಶಾಖ ಕೊಡಬೇಕು. ಉಪ್ಪು ಹುರಿದು ಬಟ್ಟೇಲಿ ಕಟ್ಟಿ ಒತ್ತಿದರೆ ನೋವು ಹೆದರಿ ಓಡುತ್ತೆ.”

“ಇವತ್ತು ಬೇಡ ಅತ್ತೆ. ಈಗ ತಾನೆ ಹಿಡಿದುಕೊಂಡಿದೆ, ಮೊದಲು ತಣ್ಣಗಿನದು. ಹದಿನೈದು ನಿಮಿಷ, ದಿನಕ್ಕೆ ಮೂರು ಸಲ, ಎರಡು ದಿನ. ಆಮೇಲೆ ಮೂರು ದಿನ ಬಿಸಿ, ಅದೂ ಮೂರು ಸಲ, ಇಪ್ಪತ್ತು ಇಪ್ಪತ್ತು ನಿಮಿಷ. ಯಾವುದನ್ನೂ ಬರಿ ಮೈಗೆ ಇಡಬಾರದು, ಟವೆಲ್ ಸುತ್ತಬೇಕು.” ಹೆಂಡತಿ ಫ್ರಿಜ್ಜಿನಿಂದ ಗಡ್ಡೆ ಕಟ್ಟಿದ ಬಟಾಣಿ ಪೊಟ್ಟಣ ತಂದು, ಟವೆಲ್ ಸುತ್ತಿ, ಅವರ ಸೊಂಟದ ಮೇಲೆ ಇಟ್ಟಳು.

“ನಿನಗೆ ಇದೆಲ್ಲ ಯಾರು ಹೇಳಿದರು?”

“ಗೊತ್ತು, ಅಷ್ಟೆ.”

ಅಷ್ಟೆ ಎಂಬುದು ಯಾವ ದಾಖಲೆಯಲ್ಲೂ ನಿಲ್ಲುವ ಉತ್ತರವಲ್ಲ. ನಿಧಾನಪ್ಪನವರಿಗೆ ಪ್ರಮಾಣಪತ್ರ ಇಲ್ಲದವರ ಜ್ಞಾನದ ಮೇಲೆ ನಂಬಿಕೆ ಇಲ್ಲ. ಆದರೂ ಬುಧವಾರವಿಡೀ ಬಟಾಣಿ ಹೊತ್ತುಕೊಂಡು ಮಲಗಿದರು. ನೋವು ಸ್ವಲ್ಪ ಇಳಿಯಿತು. ಇಳಿದದ್ದೇ ಎಡವಟ್ಟಾಯಿತು, ಏಕೆಂದರೆ ಗುರುವಾರ ಬೆಳಿಗ್ಗೆ ಅವರ ತಲೆ ಕೆಲಸ ಮಾಡತೊಡಗಿತು.

ಅವರು ಲೆಕ್ಕ ಹಾಕಿದರು. ತಂಪು ಒಟ್ಟು ಒಂದೂವರೆ ಗಂಟೆ. ಬಿಸಿ ಒಟ್ಟು ಮೂರು ಗಂಟೆ. ಎಲ್ಲ ಕೂಡಿದರೆ ನಾಲ್ಕೂವರೆ ಗಂಟೆಯ ಕೆಲಸ. ಅದಕ್ಕೆ ಐದು ದಿನ ಹಿಡಿಸುವವರನ್ನು ಕಾರ್ಖಾನೆಯಲ್ಲಾದರೆ ಸೋಮಾರಿ ಎನ್ನುತ್ತಾರೆ. ಎಡಕ್ಕೆ ತಂಪು, ಬಲಕ್ಕೆ ಬಿಸಿ ಇಟ್ಟು ನಡುವೆ ಬದಲಾಯಿಸಿದರೆ ಮಧ್ಯಾಹ್ನದೊಳಗೆ ಐದು ದಿನದ ಚಿಕಿತ್ಸೆ ಮುಗಿದು, ನಾಳೆ ಪೆಟ್ಟಿಗೆ ಎತ್ತಬಹುದು. ಹೆಂಡತಿ ಅಕ್ಕಿ ತರಲು ಅಂಗಡಿಗೆ ಹೋಗುವುದನ್ನೇ ಕಾದು, ಬೀರುವಿನ ಮೂಲೆಯಲ್ಲಿದ್ದ ಹಳೆಯ ಹಾಟ್‌ವಾಟರ್ ಬ್ಯಾಗನ್ನು ತಾಯಿಯ ಕೈಯಲ್ಲಿ ತುಂಬಿಸಿದರು. ಟವೆಲ್ ಸುತ್ತಿದರೆ ಶಾಖವೂ ತಂಪೂ ಪೋಲಾಗುತ್ತವೆಂದು ಬಟಾಣಿ ಪೊಟ್ಟಣದ ಟವೆಲನ್ನೂ ಕಿತ್ತೊಗೆದರು. ಎರಡೂ ಜಾರದಂತೆ ಬಿಗಿಯಲು ಅವರ ಬಳಿ ದಿವ್ಯವಾದ ಸಾಧನವಿತ್ತು. ಕಾರ್ಖಾನೆಯಲ್ಲಿ ಎತ್ತರದ ಮೇಲೆ ಕೆಲಸ ಮಾಡುವವರ ಸೊಂಟಕ್ಕೆ ಕಟ್ಟುವ ಸುರಕ್ಷತಾ ಬೆಲ್ಟು. ‘ಇದರ ಬಕಲು ಎಂಥ ಸಂದರ್ಭದಲ್ಲೂ ಅಷ್ಟು ಸುಲಭವಾಗಿ ಕಳಚುವುದಿಲ್ಲ’ ಎಂದು ಅವರು ನೂರಾರು ಸಲ ಭಾಷಣ ಮಾಡಿದ್ದರು. ಬಕಲು ಬೆನ್ನಿನ ಕಡೆಗೆ ಬರುವಂತೆ ತಾಯಿಯಿಂದ ಬಿಗಿಸಿಕೊಂಡು ಬೋರಲು ಮಲಗಿದರು.

ಐದು ನಿಮಿಷಕ್ಕೆ ಬಲಗಡೆ ಉರಿಯತೊಡಗಿತು. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದುಕೊಂಡರು. ಹತ್ತು ನಿಮಿಷಕ್ಕೆ ಎಡಗಡೆ ಮರಗಟ್ಟಿತು. ಅದೂ ಕೆಲಸವೇ. ಹನ್ನೆರಡನೇ ನಿಮಿಷಕ್ಕೆ ಹತ್ತೊಂಬತ್ತು ವರ್ಷದ ಸಂಯಮ ಕೈಕೊಟ್ಟಿತು.

“ಅಮ್ಮಾ, ಬಿಚ್ಚು. ಬೇಗ ಬಿಚ್ಚು.”

“ಬಿಚ್ಚೋಕೆ ಬರ್ತಿಲ್ಲ ಕಣೋ. ಎಲ್ಲಿ ಒತ್ತಬೇಕು ಇದನ್ನ?”

“ಎರಡೂ ಕಡೆ ಒಟ್ಟಿಗೆ ಒತ್ತಿ ಮೇಲಕ್ಕೆ ಎಳಿ.”

“ಎರಡೂ ಕಡೆ ಒತ್ತಿದರೆ ಎಳೆಯೋಕೆ ಮೂರನೇ ಕೈ ಎಲ್ಲಿಂದ ತರಲಿ?”

ಎಳೆದಾಟದಲ್ಲಿ ಬಟಾಣಿ ಪೊಟ್ಟಣ ಹರಿಯಿತು. ಕಾಳುಗಳು ಮಂಚದಿಂದಿಳಿದು ನಡುಮನೆಯ ತುಂಬ ಉರುಳಿದವು, ಕರಗಿದ ನೀರು ಹಿಂದೆಯೇ ಹೋಯಿತು. ಮಗನ ಕೂಗಾಟಕ್ಕೆ ಕೈಕಾಲು ಆಡದ ತಾಯಿ, ಮಗ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರು. ಮೊದಲು ಹಳದಿ ಫಲಕ ತಂದು ಮಂಚದ ಪಕ್ಕ ನಿಲ್ಲಿಸಿದರು. ಆಮೇಲೆ ಕೆಂಪು ಚೀಟಿ ನೋಡಿಕೊಂಡು ಫೋನು ಮಾಡಿದರು. ಆ ನಂಬರು ಕಾರ್ಖಾನೆಯದು.

ಒಂಬತ್ತು ನಿಮಿಷಕ್ಕೆ ಕಾರ್ಖಾನೆಯ ಆಂಬುಲೆನ್ಸ್ ಬೀದಿಯ ಅಷ್ಟೂ ಕಿಟಕಿಗಳನ್ನು ತೆರೆಸುತ್ತ ಬಂದು ನಿಂತಿತು. (ಹತ್ತು ನಿಮಿಷದೊಳಗೆ ಬರಲೇಬೇಕೆಂದು ನಿಯಮ ಮಾಡಿದವರೂ ನಿಧಾನಪ್ಪನವರೇ.) ಪ್ರಥಮ ಚಿಕಿತ್ಸೆಯ ಇಬ್ಬರು ಕಾರ್ಮಿಕರು, ಹಿಂದೆ ಕಾರ್ಖಾನೆಯ ಡಾಕ್ಟರು. ಬಕಲು ಎರಡೇ ಸೆಕೆಂಡಿನಲ್ಲಿ ಕಳಚಿತು. ನಿಧಾನಪ್ಪನವರ ಬೆನ್ನಿನ ಬಲಗಡೆ ಕೆಂಪಗೆ ಆಯತಾಕಾರದ ಗುರುತು, ಎಡಗಡೆ ಬಿಳಿಚಿದ ಚರ್ಮದ ಮೇಲೆ ಬಟಾಣಿಯ ಚುಕ್ಕೆಗಳು.

“ಸಾರ್, ಏನು ಭಾರ ಎತ್ತಿದಿರಿ?” ಎಂದು ಕಾರ್ಮಿಕನೊಬ್ಬ ವಿನಯದಿಂದ ಕೇಳಿದ.

ನಿಧಾನಪ್ಪನವರು ದಿಂಬಿನಲ್ಲಿ ಮುಖ ಹುದುಗಿಸಿದರು. ತಾಯಿ ಕಾಲುಚೀಲವನ್ನೇ ತಂದು ತೋರಿಸಿದರು.

ಅಷ್ಟರಲ್ಲಿ ಹೆಂಡತಿ ಹತ್ತು ಕಿಲೋ ಅಕ್ಕಿ ಚೀಲ ಹೊತ್ತು ಮೂರು ಮಹಡಿ ಹತ್ತಿ ಬಂದಳು. ನಡೆದದ್ದನ್ನೆಲ್ಲ ತಾಯಿ ಹೇಳಿದರು. ಸೊಸೆ ಮೊದಲು ಹೇಳಿದ್ದ ಕ್ರಮವನ್ನೂ ಡಾಕ್ಟರಿಗೆ ಹೇಳಿದರು.

“ನೀವು ಹೇಳಿದ್ದು ಸರಿಯಾಗೇ ಇತ್ತಲ್ಲಮ್ಮ. ಎಲ್ಲಿ ಕಲಿತಿರಿ?” ಎಂದು ಡಾಕ್ಟರು ಅವಳನ್ನು ಕೇಳಿದರು.

“ನನ್ನ ಸೊಂಟದಿಂದ. ಆ ಹಾಟ್‌ವಾಟರ್ ಬ್ಯಾಗು ನಂದೇ. ಹನ್ನೊಂದು ವರ್ಷ ಆಯಿತು.”

ನಿಧಾನಪ್ಪನವರು ದಿಂಬಿನಿಂದ ತಲೆ ಎತ್ತಿದರು. “ಹನ್ನೊಂದು ವರ್ಷದಿಂದ ನೋವಿದೆಯಾ? ನನಗೆ ಹೇಳಬಾರದಿತ್ತಾ?”

“ಹೇಳಿದ್ದೆ. ಬರೆದುಕೊಂಡಿದ್ದೀರಿ.”

ಅವಳು ದಾಖಲೆ ಪುಸ್ತಕದ ಹಳದಿಯಾದ ಹಾಳೆಯೊಂದನ್ನು ತೆರೆದು ಅವರ ಮೂಗಿನ ಕೆಳಗೆ ಇಟ್ಟಳು. ದುಂಡಗಿನ ಅಕ್ಷರ ಅವರದೇ. ‘ಪತ್ನಿಗೆ ಸೊಂಟ ನೋವು (ಎಂದು ಹೇಳಿಕೆ). ಬೀರು ಸರಿಸುವಾಗ. ಕಾರಣ: ಅಜಾಗರೂಕತೆ. ಕ್ರಮ: ಎಚ್ಚರಿಕೆ ನೀಡಲಾಗಿದೆ.’

ನಿಧಾನಪ್ಪನವರಿಗೆ ನೆನಪಾಯಿತು. ಗೋಡೆಗೆ ‘ತುರ್ತು ನಿರ್ಗಮನ ನಕ್ಷೆ’ ಹೊಡೆಯಬೇಕಿತ್ತು, ಬೀರು ಅಡ್ಡವಿತ್ತು. ‘ಸಂಜೆ ನಾನು ಬರೋದರೊಳಗೆ ಸ್ವಲ್ಪ ಸರಿಸಿಟ್ಟಿರು’ ಎಂದು ಹೇಳಿ ಅವರು ಭಾರ ಎತ್ತುವ ವಿಧಾನದ ಫೋಟೊ ತೆಗೆಸಿಕೊಳ್ಳಲು ಹೋಗಿದ್ದರು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಬೋರಲು ಮಲಗಿದವನ ನಾಚಿಕೆ ಯಾರಿಗೂ ಕಾಣುವುದಿಲ್ಲ.

ಆಂಬುಲೆನ್ಸ್ ಹೊರಟರೆ ವರದಿ ಬರೆಯಬೇಕು, ಆ ವರದಿಯನ್ನು ಸುರಕ್ಷತಾ ದಿನದಂದು ಅಧಿಕಾರಿಯೇ ಎಲ್ಲರೆದುರು ಓದಬೇಕು. ಇದೂ ಅವರದೇ ನಿಯಮ. ಶುಕ್ರವಾರ ಇಪ್ಪತ್ತು ಕಿಲೋ ಪೆಟ್ಟಿಗೆ ವೇದಿಕೆಯ ಮೇಲೆ ತನ್ನಷ್ಟಕ್ಕೆ ಕುಳಿತಿತ್ತು, ನಿಧಾನಪ್ಪನವರು ಕುರ್ಚಿಯ ಬೆನ್ನು ಹಿಡಿದು ನಿಂತು ಓದಿದರು. ‘ಎತ್ತಿದ ವಸ್ತು: ಕಾಲುಚೀಲ, ಒಂದು’ ಎಂಬಲ್ಲಿ ಮುನ್ನೂರು ಜನ ಉಸಿರು ಬಿಗಿಹಿಡಿದರು. ‘ಕಾರಣ: ಅಜಾಗರೂಕತೆ’ ಎಂದು ನಿಲ್ಲಿಸಿದಾಗ, ಹೆಲ್ಮೆಟ್ ಹಾಕದ್ದಕ್ಕೆ ಅವರಿಂದ ನೋಟಿಸು ತಿಂದಿದ್ದ ಕುಲುಮೆಯ ಮೇಸ್ತ್ರಿ ಎದ್ದು ನಿಂತ.

“ಯಾರದು ಸಾರ್, ಅಜಾಗರೂಕತೆ? ಕಾಲುಚೀಲದ್ದಾ?”

ಆಮೇಲೆ ಚಾವಣಿ ಹಾರಿಹೋಗುವಷ್ಟು ನಗು. ಜನರಲ್ ಮ್ಯಾನೇಜರು ಕೂಡ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಮನೆಯವರ ಸಾಲಿನಲ್ಲಿ ಹೆಂಡತಿ ಮಾತ್ರ ನಗದೆ ಅವರನ್ನೇ ನೋಡುತ್ತ ಕುಳಿತಿದ್ದಳು.

“ನನ್ನದು,” ಎಂದರು ನಿಧಾನಪ್ಪನವರು. “ಹಳೆಯದೊಂದು ಕೇಸಿನಲ್ಲೂ ನನ್ನದೇ. ತಿದ್ದುಪಡಿ ಮಾಡಬೇಕು.”

ಸಂಜೆ ಮನೆಗೆ ಬಂದವರೇ ಹನ್ನೊಂದು ವರ್ಷ ಹಿಂದಿನ ಹಾಳೆ ತೆಗೆದು, ‘ಅಜಾಗರೂಕತೆ’ ಹೊಡೆದುಹಾಕಿ ‘ಬೀರು’ ಎಂದು ಬರೆದು ಹೆಂಡತಿಗೆ ಒಪ್ಪಿಸಿದರು.

ಅವಳು ಓದಿ ಹಿಂದಿರುಗಿಸಿದಳು. “ಬೀರು ತಾನಾಗಿ ನನ್ನ ಮೈಮೇಲೆ ಬರಲಿಲ್ಲ. ಪೂರ್ತಿ ಬರೀರಿ.”

ಪೂರ್ತಿ ಬರೆದರು. ‘ಕ್ರಮ’ ಎಂಬ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು.

“ಅಲ್ಲಿ ಏನೂ ಬರೆಯೋದು ಬೇಡ,” ಎಂದು ಹೆಂಡತಿ ಕುರ್ಚಿಯಲ್ಲಿ ಕುಳಿತು ಹಾಟ್‌ವಾಟರ್ ಬ್ಯಾಗನ್ನು ಅವರ ಕೈಗೆ ಕೊಟ್ಟಳು. “ಮುಕ್ಕಾಲು ಭಾಗ ತುಂಬಿಸಿ. ಗಾಳಿ ಒತ್ತಿ ತೆಗೆದು ಮುಚ್ಚಳ ಹಾಕಿ. ಟವೆಲ್ ಮರೀಬೇಡಿ.”

ನಿಧಾನಪ್ಪನವರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆಮನೆಗೆ ಹೋದರು. ನೀರು ಬಿಸಿಯಾಗುವವರೆಗೂ ಒಲೆಯ ಮೇಲಿನ ತಮ್ಮದೇ ಚೀಟಿ ಓದುತ್ತ ನಿಂತರು: ‘ತರಬೇತಿ ಇಲ್ಲದವರು ಬಿಸಿನೀರು ಮುಟ್ಟಬಾರದು.’

“ನಿಧಾನ,” ಎಂದಳು ಹೆಂಡತಿ ಕುರ್ಚಿಯಿಂದಲೇ.

ಮಗ ಎರಡೂ ಕೈಯಲ್ಲಿ ಬಿಸಿ ಚೀಲ ಹಿಡಿದು ಹೊಸ್ತಿಲು ದಾಟುವುದನ್ನು ನೋಡಿದ ತಾಯಿ ತಟ್ಟನೆ ಎದ್ದು, ಹಳದಿ ಫಲಕ ತಂದು ನಡುಮನೆಯಲ್ಲಿ ನಿಲ್ಲಿಸಿದರು.