ನನ್ನ ಸರದಿಯ ಯುದ್ಧ

ಯೋಚಿಸಿ ಹೆಜ್ಜೆ ಇಡುವವನು ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ. ಯೋಚಿಸುವುದು ನಿಜ, ಹೆಜ್ಜೆ ಇಟ್ಟದ್ದನ್ನು ಮಾತ್ರ ಯಾರೂ ಕಂಡಿಲ್ಲ. ಇದು ಮನೆತನದ ಗುಣ. ಅಜ್ಜಿಯ ಅಣ್ಣ ಒಂದು ಗದ್ದೆಯ ಬದುವಿಗಾಗಿ ವ್ಯಾಜ್ಯ ಹೂಡಿ, ಪ್ರತಿವಾದಿ ತೀರಿಕೊಂಡ ಮೇಲೂ ಹೊಸ ವಾಯಿದೆ ಕೇಳಿದ್ದರಂತೆ.

ಹಾಗಾಗಿ ಹಳೆಯ ಗೇಮ್ ಕನ್ಸೋಲ್ ಒಂದರಲ್ಲಿ ಸರದಿಯ ಯುದ್ಧದಾಟ ಸಿಕ್ಕಾಗ, ಇದು ನನಗಾಗಿಯೇ ಹುಟ್ಟಿದ್ದು ಅನಿಸಿತು. ಟಿವಿಯಲ್ಲಿ ನಕಾಶೆ, ಅದರ ತುಂಬ ಟ್ಯಾಂಕು, ಹಡಗು, ಊರುಗಳು. 'ಸರದಿ ಮುಗಿಯಿತು' ಎಂದು ನಾನು ಒತ್ತುವವರೆಗೆ ಶತ್ರು ಕೈಕಟ್ಟಿ ಕಾಯಬೇಕು. ಶತ್ರು ಎಂದರೆ ಆಫೀಸಿನ ಗೆಳೆಯ ಸುಧಾಕರ. ಮೀನುಗಾರರ ಮನೆಯವನು, ಭಾನುವಾರ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಉರ್ವದ ನಮ್ಮ ಮನೆಗೆ ಬರುತ್ತಾನೆ. ನಾನೊಂದು ಟ್ಯಾಂಕ್ ಸರಿಸುವಷ್ಟರಲ್ಲಿ ಸೋಫಾದಲ್ಲಿ ಅವನದೊಂದು ನಿದ್ದೆ ಮುಗಿದಿರುತ್ತದೆ.

ಮೂರು ಭಾನುವಾರ ಕಳೆದರೂ ಯುದ್ಧ ಮುಗಿಯಲಿಲ್ಲ. "ಪಡೀಲಿಗೆ ಹೋಗುವ, ಅಮ್ಮನನ್ನು ನೋಡದೆ ಎಷ್ಟು ಸಮಯ ಆಯ್ತು" ಎಂದು ಹೆಂಡತಿ ವನಿತಾ ಪ್ರತಿ ಸಲ ಹೇಳಿದಳು. "ಯೋಚಿಸಿ ಹೇಳ್ತೇನೆ" ಎಂದು ನಾನೂ ಪ್ರತಿ ಸಲ ಹೇಳಿದೆ. ಕೊನೆಗೆ ಅವಳೇ ಚೀಲ ಹಿಡಿದು ಬಸ್ಸು ಹತ್ತಿದಳು. "ನಿಮ್ಮ ಯುದ್ಧ ಮುಗಿದ ಮೇಲೆ ಕರೆಯಲಿಕ್ಕೆ ಬನ್ನಿ" ಎಂದಳು. ನಾನೇ ಮಾಡಿದ ಸಾರನ್ನು ವಾರವಿಡೀ ಉಂಡೆ. ಸಾರು ಹೇಗೋ ಇಳಿಯಿತು, ಅವಳಿಲ್ಲದ ಮನೆ ಮಾತ್ರ ನಿಜಕ್ಕೂ ಹೆದರಿಸಿತು.

ಮುಂದಿನ ಭಾನುವಾರ ಮುಗಿಸಿಯೇ ಬಿಡಬೇಕೆಂದು ಕೂತೆ. ನೆಲ ಕಂಡರೆ ಬಿಡದ ಮನೆತನವಲ್ಲವೇ, ಸುಧಾಕರನ ರಾಜಧಾನಿಯೊಂದು ಬಿಟ್ಟು ನಕಾಶೆಯ ಊರುಗಳನ್ನೆಲ್ಲ ಹಿಡಿದಾಗಿತ್ತು. ದೊಡ್ಡ ಯುದ್ಧನೌಕೆಯನ್ನು ಮಾತ್ರ ನಡುಗಡಲಲ್ಲಿ ನಿಲ್ಲಿಸಿ, ಎಲ್ಲಿಗೆ ಕಳಿಸುವುದೆಂದು ಮೊದಲ ವಾರದಿಂದ ಯೋಚಿಸುತ್ತಲೇ ಇದ್ದೆ. ಆ ಸರದಿಗೆ ಅದು ತಾನಾಗಿಯೇ ಮುಳುಗಿತು. ಯಾರೂ ಗುಂಡು ಹಾರಿಸಿರಲಿಲ್ಲ.

"ಎಂತ ಮಾರಾಯ, ಇಂಧನ ನೋಡ್ಲಿಲ್ವಾ? ಈ ಆಟದಲ್ಲಿ ನಿಂತ ಹಡಗಿಗೂ ಖರ್ಚು ಉಂಟು" ಎಂದ ಸುಧಾಕರ. ತಾನು ಗೆಲ್ಲುವ ಖುಷಿಗಿಂತ ಹಡಗು ಹೋದ ಬೇಸರವೇ ಅವನಿಗೆ ಹೆಚ್ಚು. "ವಾಪಸು ಬರುವ ಡೀಸೆಲ್ ನೋಡದೆ ನಮ್ಮಲ್ಲಿ ಯಾರೂ ಬೋಟು ಬಿಡುವುದಿಲ್ಲ." ಕಾವಲಿನ ಹಡಗಿಲ್ಲದ ನನ್ನ ರಾಜಧಾನಿಯನ್ನು ಎರಡೇ ಸರದಿಯಲ್ಲಿ ಹಿಡಿದು, ಆಟ ಗೆದ್ದು, ಚಾ ಕುಡಿದು ಹೋದ.

ಸೋತರೇನು, ಮುಗಿಯಿತಲ್ಲ ಎಂದು ಆ ಕ್ಷಣವೇ ಸ್ಕೂಟರ್ ಹತ್ತಿದೆ. ಜನ್ಮದಲ್ಲಿ ಮೊದಲ ಬಾರಿ ಯೋಚಿಸದೆ ಹೊರಟಿದ್ದೆ. ಅತ್ತೆಯ ಮನೆಗೆ ಎರಡು ತಿರುವು ಇರುವಾಗ ಪೆಟ್ರೋಲ್ ಮುಗಿಯಿತು. ನೂಕಿಕೊಂಡು ಬಂದ ನನ್ನನ್ನು ವನಿತಾ ಗೇಟಿನಲ್ಲೇ ನಿಂತು ನೋಡಿದಳು.

"ಸೋತದ್ದು ನೀವೇ ಅಲ್ವಾ?"

"ಹೌದು. ಮನೆಗೆ ಹೋಗುವ. ನೀನಿಲ್ಲದೆ ನನಗೆ ಆಗುವುದಿಲ್ಲ."

ಅವಳ ಮುಖ ಸ್ವಲ್ಪ ಸಡಿಲವಾಯಿತು. ಗೇಟು ತೆರೆದು, ಸ್ಕೂಟರಿಗೆ ನೆರಳು ತೋರಿಸಿ, "ಈಗ ನನ್ನ ಸರದಿ. ಯೋಚಿಸಿ ಹೇಳ್ತೇನೆ" ಎಂದು ಒಳಗೆ ಹೋದಳು.

ನಾನು ಜಗಲಿಯಲ್ಲಿ ಕೂತೆ. ವಾಪಸು ಹೋಗುವಷ್ಟು ಪೆಟ್ರೋಲ್ ನನ್ನಲ್ಲಿರಲಿಲ್ಲ.